ಸ್ಥಳ ಕೇಳಿದರೆ ಗಡಿಯಾರ ಹೇಳುತ್ತದೆ

ಹಿಂದೆ ಬೆಂಗಳೂರಿನಿಂದಲೋ ಮೈಸೂರಿನಿಂದಲೋ ನೆಂಟರು ಮೈಲಾಪೂರಿಗೆ ಬರುವರೆಂದರೆ ಮನೆಯವರು ಮೊದಲೇ ಒಂದು ಕಾಗದ ಬರೆಯುತ್ತಿದ್ದರು. ಲಜ್ ಮೂಲೆಯಲ್ಲಿ ಬಸ್ಸಿನಿಂದ ಇಳಿಯಿರಿ, ಕಪಾಲೀಶ್ವರನ ಗೋಪುರ ಕಾಣುವವರೆಗೆ ನಡೆಯಿರಿ, ಅಲ್ಲಿ ಯಾರನ್ನು ಕೇಳಿದರೂ ಮನೆ ತೋರಿಸುವರು ಎಂದು. ಈಗ ಆ ಕಾಗದ ಬೇಕಿಲ್ಲ. ನೆಂಟರು ಸೆಂಟ್ರಲ್ ನಿಲ್ದಾಣದಲ್ಲಿ ಆಟೋ ಏರಿ, ಕೈಯ ಫೋನನ್ನು ನೋಡುತ್ತ ನಮ್ಮ ಬಾಗಿಲಿಗೇ ಬಂದು ಇಳಿಯುತ್ತಾರೆ. ದಾರಿ ತೋರಿಸಿದವರಾರು ಎಂದರೆ ‘ಜಿಪಿಎಸ್’ ಎನ್ನುತ್ತಾರೆ. ಅದು ಯಾರದು ಎಂದರೆ ಉತ್ತರ ಕೊಡುವವರು ಕಡಿಮೆ. ಅದು ಅಮೆರಿಕ ಸರಕಾರದ್ದು. ನಡೆಸುವುದು ಅಲ್ಲಿಯ ಸೈನ್ಯ.

ಈ ವಿದ್ಯೆಯ ಮರ್ಮವೆಲ್ಲ ಗಡಿಯಾರದಲ್ಲಿದೆ. ಕೃತಕ ಉಪಗ್ರಹವೊಂದು ‘ನಾನು ಇಂಥಲ್ಲಿದ್ದೇನೆ, ಈಗ ವೇಳೆ ಇಷ್ಟು’ ಎಂದು ರೇಡಿಯೋ ಮೂಲಕ ಸಾರುತ್ತಲೇ ಇರುತ್ತದೆ. ಆ ಸುದ್ದಿ ನಮ್ಮನ್ನು ಮುಟ್ಟಲು ಹಿಡಿದ ಕಾಲದಿಂದ ದೂರವನ್ನು ಲೆಕ್ಕ ಹಾಕಬಹುದು. ಹೀಗೆ ನಾಲ್ಕು ಉಪಗ್ರಹಗಳ ಮಾತು ಕೇಳಿದರೆ ನಾವಿರುವ ಸ್ಥಳ ಗೊತ್ತಾಗುತ್ತದೆ. ಆದರೆ ಗಡಿಯಾರ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೂ ದೂರದ ಲೆಕ್ಕದಲ್ಲಿ 300 ಮೀಟರು ತಪ್ಪುತ್ತದೆ. ಗೋಪುರದ ಬಾಗಿಲಿಗೆ ಹೊರಟವರನ್ನು ಕೊಳದ ನಡುವೆ ಇಳಿಸಲು ಅಷ್ಟು ಸಾಕು! ಆದ್ದರಿಂದಲೇ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳನ್ನಿಡುತ್ತಾರೆ.

ವೇಳೆಯಿಂದ ಸ್ಥಳವನ್ನು ಅರಿಯುವ ಈ ಕೆಲಸ ನಮ್ಮೂರಿಗೆ ಹೊಸದಲ್ಲ. 1792ರಲ್ಲಿಯೇ ನುಂಗಂಬಾಕ್ಕಂನಲ್ಲಿ ಖಗೋಳ ವೀಕ್ಷಣಾಲಯ ಎದ್ದಿತು. ಬೆಂಗಳೂರಿನ ಬಳಿ ಮೊದಲು ಅಳತೆ ನಡೆಸಿದ್ದ ಲ್ಯಾಂಬ್ಟನ್ ಸಾಹೇಬರು 1802ರಲ್ಲಿ ಪರಂಗಿಮಲೆಯ ಬಳಿ ಸುಮಾರು ಏಳೂವರೆ ಮೈಲಿಯ ಗೆರೆಯೊಂದನ್ನು ಸರಪಳಿಯಿಂದ ಅಳೆದು, ದೇಶವನ್ನೆಲ್ಲ ವ್ಯಾಪಿಸಿದ ಭೂಮಾಪನಕ್ಕೆ ಅಡಿಪಾಯ ಹಾಕಿದರು. 1906ರಲ್ಲಿ ಭಾರತಕ್ಕೆಲ್ಲ ಒಂದೇ ವೇಳೆ ಬರುವ ಮುನ್ನ ಬಹುಕಾಲ ರೈಲುಗಳು ಓಡಿದ್ದು ಮದರಾಸಿನ ಗಡಿಯಾರ ನೋಡಿಯೇ.

ಅನ್ಯರ ಗಡಿಯಾರವನ್ನು ಬಿಟ್ಟಿಯಾಗಿ ನೋಡಿಕೊಂಡರೆ ನಷ್ಟವೇನು ಎಂದು ಕೇಳಬಹುದು. ಕೊಟ್ಟವರು ಹಿಂತೆಗೆಯಲೂ ಬಲ್ಲರೆಂಬುದೇ ಉತ್ತರ. 1983ರಲ್ಲಿ ದಾರಿ ತಪ್ಪಿದ ಕೊರಿಯಾದ ವಿಮಾನವನ್ನು ರಷ್ಯನರು ಹೊಡೆದುರುಳಿಸಿ 269 ಮಂದಿ ಮಡಿದ ಮೇಲೆ, ಅಮೆರಿಕ ತನ್ನ ಜಿಪಿಎಸ್ ಸೇವೆಯನ್ನು ಎಲ್ಲರಿಗೂ ತೆರೆಯುವುದಾಗಿ ಸಾರಿತು. ಆದರೂ ಸೈನ್ಯಕ್ಕೆ ಸ್ಪಷ್ಟವಾದದ್ದನ್ನೂ ಜನಕ್ಕೆ ಬೇಕೆಂದೇ ಮಸುಕು ಮಾಡಿದ್ದನ್ನೂ ಕೊಡುತ್ತಿತ್ತು. ಆ ಮಸುಕನ್ನು ತೆಗೆದದ್ದು 2000ದ ಮೇ ತಿಂಗಳಲ್ಲಿ. ರಷ್ಯ, ಯೂರೋಪು, ಚೀನಗಳು ತಮ್ಮ ತಮ್ಮ ವ್ಯವಸ್ಥೆ ಕಟ್ಟಿಕೊಂಡದ್ದು ಸುಮ್ಮನೆ ಅಲ್ಲ.

ನಮ್ಮ ಸರಕಾರವೂ 2006ರಲ್ಲಿ ಸ್ವಂತ ವ್ಯವಸ್ಥೆಗೆ ಒಪ್ಪಿಗೆ ಕೊಟ್ಟಿತು. ಭಾರತವನ್ನೂ ಗಡಿಯಾಚೆ 1500 ಕಿಲೋಮೀಟರುಗಳವರೆಗಿನ ಪ್ರದೇಶವನ್ನೂ ಕಾಯಲು ಏಳು ಉಪಗ್ರಹಗಳು ಸಾಕೆಂದು ಲೆಕ್ಕವಾಯಿತು. ಮೊದಲನೆಯದು 2013ರ ಜುಲೈ 1ರಂದು, ಏಳನೆಯದು 2016ರ ಏಪ್ರಿಲ್ 28ರಂದು ನಮ್ಮ ನೆರೆಯ ಶ್ರೀಹರಿಕೋಟೆಯಿಂದ ಹಾರಿದವು. ವ್ಯವಸ್ಥೆಗೆ ‘ನಾವಿಕ್’ ಎಂದು ಹೆಸರಾಯಿತು. ಇದರ ಸಂಚಾರ ಕೇಂದ್ರವಿರುವುದು ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿ. ಉಪಗ್ರಹಗಳನ್ನು ಹಾಸನದಿಂದ ಹತೋಟಿಯಲ್ಲಿಡುತ್ತಾರೆ. ಏಳನೆಯದು ಹಾರಿದಾಗ ಇಸ್ರೋ ಅಧ್ಯಕ್ಷರಾಗಿದ್ದವರು ಹಾಸನದ ಕಡೆಯ ಎ. ಎಸ್. ಕಿರಣ್ ಕುಮಾರರು. ಕನ್ನಡಿಗರಾದ ನಮಗೆ ಇದು ಹೆಮ್ಮೆಯ ಮಾತು.

ಆದರೆ ಹೆಮ್ಮೆಯ ಜೊತೆಗೆ ಕಹಿಯನ್ನೂ ಹೇಳಬೇಕು. ಉಪಗ್ರಹಗಳು ನಮ್ಮವಾದರೂ ಒಳಗಿನ ಗಡಿಯಾರಗಳು ಯೂರೋಪಿನಿಂದ ತರಿಸಿದವು. ಮೊದಲ ಉಪಗ್ರಹದ ಮೂರು ಗಡಿಯಾರಗಳೂ ನಿಂತುಹೋದವು. ಬದಲಿಗೆ 2017ರ ಆಗಸ್ಟಿನಲ್ಲಿ ಕಳುಹಿದ್ದು ರಾಕೆಟ್ಟಿನ ಮೇಲ್ಕವಚ ಕಳಚದೆ ವ್ಯರ್ಥವಾಯಿತು. ಬುದ್ಧಿ ಕಲಿತು, ಅಹಮದಾಬಾದಿನಲ್ಲಿ ನಮ್ಮವರೇ ರುಬಿಡಿಯಂ ಗಡಿಯಾರ ಮಾಡಿದರು. ಅದನ್ನು ಹೊತ್ತ ಹೊಸ ತಲೆಮಾರಿನ ಮೊದಲ ಉಪಗ್ರಹ 2023ರ ಮೇ 29ರಂದು ಏರಿತು. ಸಾಮಾನ್ಯ ಫೋನುಗಳಿಗೆ ಅನುಕೂಲವಾದ ಎಲ್-1 ತರಂಗವನ್ನೂ ಇದಕ್ಕೆ ಸೇರಿಸಿದ್ದಾರೆ. ಎರಡನೆಯದು 2025ರ ಜನವರಿ 29ರಂದು ಶ್ರೀಹರಿಕೋಟೆಯ ನೂರನೆಯ ಉಡಾವಣೆಯಾಗಿ ಹೋಯಿತು. ಆದರೆ ಕವಾಟವೊಂದು ತೆರೆಯದೆ, ಸೇರಬೇಕಾದ ಕಕ್ಷೆಯನ್ನು ಸೇರಲಿಲ್ಲ. 2025ರ ಜುಲೈಯಲ್ಲಿ ಸರಕಾರ ಸಂಸತ್ತಿಗೆ ಕೊಟ್ಟ ಉತ್ತರದಂತೆ, ಅದುವರೆಗೆ ಹಾರಿಸಿದ 11ರಲ್ಲಿ ಸ್ಥಳ ತಿಳಿಸುವ ಸೇವೆಗೆ ಉಳಿದಿದ್ದವು ನಾಲ್ಕು. ಸ್ಥಳ ಗೊತ್ತುಮಾಡಲು ಕನಿಷ್ಠ ನಾಲ್ಕು ಬೇಕೆಂದು ಮೇಲೆ ಹೇಳಿದ್ದನ್ನು ವಾಚಕರು ನೆನೆದರೆ, ಅದೆಷ್ಟು ಬಿಗಿಯ ಪರಿಸ್ಥಿತಿಯೆಂದು ತಿಳಿದೀತು.

ಕಾನೂನಿನ ಕಡೆಯಲ್ಲಿಯೂ ಕೆಲಸ ನಡೆದಿದೆ. 2019ರ ಏಪ್ರಿಲಿನಿಂದ ಹೊಸ ಬಾಡಿಗೆ ವಾಹನಗಳಲ್ಲಿ ನಾವಿಕ್ ಬಲ್ಲ ಉಪಕರಣವಿರಬೇಕೆಂದು ವಿಧಿಸಲಾಯಿತು. ಉಪಗ್ರಹ ಸಂಚಾರ ನೀತಿಯ ಕರಡನ್ನು 2021ರಲ್ಲಿ ಜನರ ಮುಂದಿಟ್ಟು ಅಭಿಪ್ರಾಯ ಕೇಳಿದರು. ನೀತಿ ಬರೆಯುವುದು ಸುಲಭ. ಗಡಿಯಾರ ಕೆಡುವ ಮುನ್ನವೇ ಬದಲಿಯನ್ನು ಮೇಲೆ ಕಳುಹಿಸಿರುವುದು ಕಷ್ಟ. ಅದಕ್ಕೆ ವರ್ಷ ವರ್ಷವೂ ಹಣ ಬೇಕು, ಕಾರ್ಖಾನೆ ಬೇಕು, ಅವಸರಪಡದ ಶ್ರದ್ಧೆ ಬೇಕು.

ದಾರಿ ತಪ್ಪಿದ ನೆಂಟರಿಗೆ ಹೆಚ್ಚೆಂದರೆ ಕಾಫಿ ಆರೀತು. ಆದರೆ ನಮ್ಮ ಮನೆಗಳಿಂದ ಅರ್ಧ ಗಂಟೆ ನಡೆದರೆ ನೊಚ್ಚಿಕುಪ್ಪಂ ಇದೆ. ಅಲ್ಲಿನ ಬೆಸ್ತರು ದೋಣಿ ಇಳಿಸಿ ಕಡಲಿಗೆ ಹೋಗುವವರು. ದಡದಿಂದ ಕೆಲವು ಮೈಲಿ ದಾಟಿದರೆ ಫೋನು ಮೂಕವಾಗುತ್ತದೆ. 2017ರ ಓಖಿ ಚಂಡಮಾರುತದಲ್ಲಿ, ಮುನ್ಸೂಚನೆ ತಲಪದೆ, ಕನ್ಯಾಕುಮಾರಿಯ ಮತ್ತು ಕೇರಳದ ಎಷ್ಟೋ ಬೆಸ್ತರು ದೂರದ ಕಡಲಿನಿಂದ ಮರಳಲಿಲ್ಲ. ಆಮೇಲೆ, ಗಾಳಿಮಳೆಯ ಎಚ್ಚರಿಕೆಯನ್ನು ಉಪಗ್ರಹದಿಂದಲೇ ನಡುಗಡಲಿಗೆ ಮುಟ್ಟಿಸುವ ಉಪಕರಣಗಳು ಬಂದವು. ಸ್ಥಳ ತಿಳಿಸಲಾರದೆ ಹೋದ ನಾವಿಕ್ ಉಪಗ್ರಹಗಳೂ ಇಂಥ ಸಂದೇಶ ಸಾರುವ ಕೆಲಸಕ್ಕೆ ಒದಗುತ್ತಿವೆ.

ನಾವು ಗೃಹಸ್ಥರು ಮಾಡಬಹುದಾದದ್ದೂ ಒಂದಿದೆ. ಮುಂದಿನ ಬಾರಿ ಫೋನು ಕೊಳ್ಳುವಾಗ, ಬೆಲೆ ಬಣ್ಣಗಳ ಜೊತೆಗೆ, ‘ಇದಕ್ಕೆ ನಾವಿಕ್ ಬರುತ್ತದೆಯೆ?’ ಎಂದು ಅಂಗಡಿಯವರನ್ನು ಕೇಳೋಣ. ಕೇಳುವವರು ಹೆಚ್ಚಿದರೆ ಮಾಡುವವರೂ ಹೆಚ್ಚುತ್ತಾರೆ.