ಕಾಣದೆ ಸೋರುವ ನೀರನ್ನು ಹಿಡಿಯುವ ಬಗೆ

ಸೊನ್ನಲಿಗೆಯ ಸಿದ್ಧರಾಮನು ಹನ್ನೆರಡನೆಯ ಶತಮಾನದಲ್ಲಿ ಕೆರೆ ಅಗೆಸಿದ ನಾಡು ನಮ್ಮದು. ನೀರಿನ ಬೆಲೆ ಏನೆಂಬುದನ್ನು ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆಯ ರೈತನಿಗೆ ಯಾರೂ ಹೇಳಿಕೊಡಬೇಕಾದದ್ದಿಲ್ಲ. 1972ರ ಬರವನ್ನು ಉಂಡ ಹಿರಿಯರು ಇನ್ನೂ ನಮ್ಮ ಮನೆಗಳಲ್ಲಿದ್ದಾರೆ. 2016ರ ಏಪ್ರಿಲದಲ್ಲಿ ಮಿರಜದಿಂದ ಲಾತೂರಿಗೆ ರೈಲು ಗಾಡಿಯಲ್ಲಿ ನೀರು ಹೋದದ್ದು ಕಿರಿಯರಿಗೂ ನೆನಪಿದೆ. ಮೊದಲ ಸಲ ಹೋದ ಗಾಡಿಗೆ ಹತ್ತು ಡಬ್ಬಿಗಳು. ಒಂದೊಂದರಲ್ಲಿ ಸುಮಾರು 50,000 ಲೀಟರು. ಒಟ್ಟು 5 ಲಕ್ಷ ಲೀಟರು.

ರೈತ ಬಂಧುಗಳೇ, ಈ ಅಂಕಿಯನ್ನು ನೆನಪಿನಲ್ಲಿಟ್ಟುಕೊಂಡು ಒಂದು ಲೆಕ್ಕ ಮಾಡಿರಿ. ಒಂದು ಮನೆಯಲ್ಲಿ ಯಾರ ಕಣ್ಣಿಗೂ ಬೀಳದೆ ದಿನಕ್ಕೆ 30 ಲೀಟರು ನೀರು ಸೋರುತ್ತದೆಯೆಂದು ಹಿಡಿಯಿರಿ. ಇದು ನಿಮಿಷಕ್ಕೆ ನಾಲ್ಕು ಚಹದ ಚಮಚೆಯಷ್ಟು ಮಾತ್ರ. ಊರಲ್ಲಿ ಇಂಥ ನೂರು ಮನೆಗಳಿದ್ದರೆ ವರ್ಷಕ್ಕೆ 10 ಲಕ್ಷ 95 ಸಾವಿರ ಲೀಟರು ನೀರು ಮಣ್ಣು ಪಾಲಾಯಿತು. ಲಾತೂರಿಗೆ ಹೋದಂಥ ಎರಡು ಗಾಡಿಗಳ ನೀರನ್ನು ಆ ಒಂದೇ ಊರು ತನಗೆ ತಿಳಿಯದಂತೆ ಚೆಲ್ಲಿತು. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆಯು ನೀರು ಹೋಗುವ ದಾರಿಗೂ ಸಲ್ಲುತ್ತದೆ.

ಬಾವಿಯಿಂದ ಕೊಡದಲ್ಲಿ ನೀರು ಹೊತ್ತು ತರುತ್ತಿದ್ದಾಗ ಈ ತೊಂದರೆ ಇರಲಿಲ್ಲ. ಕೊಡಕ್ಕೆ ತೂತು ಬಿದ್ದರೆ ಹೊತ್ತವಳ ಹೆಗಲು ತೊಯ್ದು ಆ ಕ್ಷಣವೇ ತಿಳಿಯುತ್ತಿತ್ತು. 2019ರ ಆಗಸ್ಟ 15ರಂದು ಸಾರಿದ ಜಲಜೀವನ ಯೋಜನೆಯಲ್ಲಿ ಹಳ್ಳಿಯ ಮನೆ ಮನೆಗೆ ನಳವೆಂದೂ, ಆಳಿಗೆ ದಿನಕ್ಕೆ 55 ಲೀಟರು ನೀರೆಂದೂ ಗೊತ್ತುಮಾಡಲಾಯಿತು. ಅಂದಿನಿಂದ ಎಷ್ಟೋ ಮನೆಗಳ ಅಂಗಳದಲ್ಲಿ ಪೈಪು ಬಂದಿದೆ, ಮಾಳಿಗೆಯ ಮೇಲೆ ಟಾಕಿ ಕುಳಿತಿದೆ. ನೀರು ಬರುವ ದಾರಿ ನೆಲದಲ್ಲಿ ಮುಚ್ಚಿಹೋಗಿರುವದರಿಂದ ಅದು ಸೋರುವ ದಾರಿಯೂ ಮುಚ್ಚಿಯೇ ಇದೆ.

ಮೊದಲು ಅಳತೆ, ಆಮೇಲೆ ಮಾತು

ನಮ್ಮ ನೆರೆಯ ಮನೆಯೊಂದರ ಸಂಗತಿಯನ್ನು ಇಲ್ಲಿ ಹೇಳುವದು ಉಪಯುಕ್ತವಾದೀತು. ಆ ಮನೆಯಲ್ಲಿ ಐದು ಜನ. ನಾಲ್ಕು ದಿನಕ್ಕೊಮ್ಮೆ ನಳದ ನೀರು. ಮಾಳಿಗೆಯ ಮೇಲಿನ ಟಾಕಿಯಲ್ಲಿ 900 ಲೀಟರು ಹಿಡಿಯುತ್ತದೆ. ಜನಕ್ಕೂ ಎರಡು ಎಮ್ಮೆಗಳಿಗೂ ಹಿಡಿತದಿಂದ ಬಳಸಿದರೆ ನಾಲ್ಕು ದಿನ ಬರಬೇಕಾದ ನೀರು ಮೂರನೆಯ ದಿನವೇ ತೀರಿಹೋಗುತ್ತಿತ್ತು. ಮನೆಗೆ ಹೊಸದಾಗಿ ಸೊಸೆ ಬಂದಿದ್ದಳು. ತಪ್ಪು ಆಕೆಯ ತಲೆಗೆ ಬಂತು.

"ಮಾಸ್ತರ್ರ, ಈಕಿ ಬಂದ ಮ್ಯಾಲ ಟಾಕ್ಯಾಗ ನೀರ ನಿಲ್ಲವಲ್ದು ನೋಡ್ರಿ. ಬಟ್ಟಿ ಒಗ್ಯಾಕ ಕುಂತ್ರ ಏಳೂದ ಇಲ್ಲ," ಎಂದು ಅತ್ತೆ ದೂರಿದರು. ಸೊಸೆ ಬಾಗಿಲ ಮರೆಯಿಂದ, "ಎಣಿಸಿ ಎರಡ ಬಕೀಟ ತಗೋತೀನ್ರಿ ಅತ್ತಿ," ಎಂದಳು. ಇಬ್ಬರ ಮಾತಿಗೂ ಸಾಕ್ಷಿ ಇರಲಿಲ್ಲ. ಇಂಥ ಹೊತ್ತಿನಲ್ಲಿ ಸಾಕ್ಷಿ ಹೇಳಬಲ್ಲದ್ದು ಅಳತೆಕೋಲು ಒಂದೇ. ಹಗಲಿನಲ್ಲಿ ಯಾರು ಎಷ್ಟು ಬಳಸಿದರೆಂಬ ವಾದಕ್ಕೆ ಕೊನೆಯಿಲ್ಲ; ಎಲ್ಲರೂ ಮಲಗಿದ ಮೇಲೆ ನೀರು ಇಳಿದರೆ ಮಾತ್ರ ಅದು ಮನುಷ್ಯರ ಕೆಲಸವಲ್ಲ.

ಅಳೆಯುವ ಬಗೆ ಹೀಗೆ. ನಳದ ನೀರು ಬರದ ರಾತ್ರಿಯನ್ನು ಆರಿಸಿಕೊಳ್ಳಿರಿ. ಟಾಕಿಗೆ ಹೊಸ ನೀರು ಬರುವ ವಾಲ್ವನ್ನೂ ಮುಚ್ಚಿರಿ. ಒಂದು ನೆಟ್ಟನೆಯ ಒಣ ಕೋಲಿಗೆ ಸೀಮೆಸುಣ್ಣವನ್ನು ಚೆನ್ನಾಗಿ ಸವರಿ, ಟಾಕಿಯ ತಳ ಮುಟ್ಟುವಂತೆ ನೆಟ್ಟಗೆ ಇಳಿಸಿ ತೆಗೆಯಿರಿ. ತೊಯ್ದ ಗೆರೆ ಸ್ಪಷ್ಟವಾಗಿ ಕಾಣುವದು. ರಾತ್ರಿ ಹತ್ತಕ್ಕೆ ಒಮ್ಮೆ, ಬೆಳಗಿನ ಐದಕ್ಕೆ ಯಾರೂ ನೀರು ಮುಟ್ಟುವ ಮೊದಲು ಇನ್ನೊಮ್ಮೆ, ಅದೇ ಜಾಗದಲ್ಲಿ ಕೋಲು ಇಳಿಸಿ ನೋಡಿರಿ. ಎರಡು ಗೆರೆಗಳ ನಡುವಿನ ಅಂತರವೇ ರಾತ್ರಿ ಕಳೆದ ನೀರು.

ಅದನ್ನು ಲೀಟರಿಗೆ ತರುವದು ಏಳನೆಯ ಇಯತ್ತೆಯ ಹುಡುಗನಿಗೂ ಬರುವ ಲೆಕ್ಕ. ದುಂಡು ಟಾಕಿಯ ಅಡ್ಡಳತೆ 1 ಮೀಟರು ಇದ್ದರೆ ಒಂದು ಸೆಂಟಿಮೀಟರು ಇಳಿತಕ್ಕೆ ಸುಮಾರು 7.85 ಲೀಟರು. ನೆಲದೊಳಗಿನ ಟಾಕಿ 2 ಮೀಟರು ಉದ್ದ, 1.5 ಮೀಟರು ಅಗಲವಿದ್ದರೆ ಒಂದು ಸೆಂಟಿಮೀಟರಿಗೆ 30 ಲೀಟರು. ನೆರೆಮನೆಯ ದುಂಡು ಟಾಕಿ ಒಂದು ಮೀಟರಿನದು. ಏಳು ತಾಸಿನಲ್ಲಿ 3 ಸೆಂಟಿಮೀಟರು ಇಳಿದಿತ್ತು. ಅಂದರೆ 23 ಲೀಟರಿಗಿಂತ ಹೆಚ್ಚು. ಇಡೀ ದಿನಕ್ಕೆ ಸುಮಾರು 80 ಲೀಟರು. ಸರಕಾರದ ಲೆಕ್ಕದಲ್ಲಿ ಒಂದೂವರೆ ಆಳಿನ ಪಾಲು ಆ ಮನೆಯಲ್ಲಿ ಯಾರೂ ಕುಡಿಯದೆ ಖರ್ಚಾಗುತ್ತಿತ್ತು. ಸೊಸೆಯ ಮೇಲಿನ ದೂರು ಅಲ್ಲಿಗೇ ಮುಗಿಯಿತು.

ಬಾಯಿ ತೆರೆದ ಟಾಕಿಯಾದರೆ ಬಿಸಿಲಿಗೂ ಗಾಳಿಗೂ ನೀರು ಆರುವದು. ಆದುದರಿಂದ ಅಗಲ ಬಾಯಿಯ ಪಾತ್ರೆಯೊಂದರಲ್ಲಿ ನೀರು ತುಂಬಿ ಟಾಕಿಯ ಪಕ್ಕದಲ್ಲಿಯೇ ಇಡಿರಿ. ಪಾತ್ರೆಯಲ್ಲಿಯೂ ಟಾಕಿಯಲ್ಲಿಯೂ ಒಂದೇ ಸಮನೆ ಇಳಿದಿದ್ದರೆ ಅದು ಸೋರಿಕೆಯಲ್ಲ. ಟಾಕಿಯಲ್ಲಿ ಹೆಚ್ಚು ಇಳಿದಿದ್ದರೆ ಆ ಹೆಚ್ಚಿನದೇ ಸೋರಿಕೆ.

ಒಂದೊಂದಾಗಿ ಮುಚ್ಚುತ್ತ ಹೋಗುವದು

ಸೋರಿಕೆ ಇದೆಯೆಂದು ಗೊತ್ತಾದ ಕೂಡಲೆ ಗುದ್ದಲಿ ಎತ್ತಬಾರದು. ಎಲ್ಲಿ ಇಲ್ಲವೆಂಬುದನ್ನು ಮೊದಲು ತಿಳಿಯಬೇಕು.

ಎರಡನೆಯ ರಾತ್ರಿ ಟಾಕಿಯಿಂದ ಕೆಳಗಿಳಿಯುವ ಪೈಪಿನ ವಾಲ್ವನ್ನು ಮುಚ್ಚಿ ಅಳೆಯಿರಿ. ಆಗಲೂ ನೀರು ಇಳಿದರೆ ದೋಷವು ಟಾಕಿಯಲ್ಲಿಯೇ ಅಥವಾ ಅದರ ಬುಡದ ಜೋಡಣೆಯಲ್ಲಿದೆ. ಇಳಿಯದಿದ್ದರೆ ಟಾಕಿ ಗಟ್ಟಿ; ಕಳ್ಳನು ಪೈಪಿನಲ್ಲಿದ್ದಾನೆ. ಮೂರನೆಯ ರಾತ್ರಿಯಿಂದ ಕವಲುಗಳನ್ನು ಒಂದೊಂದಾಗಿ ಮುಚ್ಚಿರಿ: ಒಂದು ರಾತ್ರಿ ಬಚ್ಚಲಿನದು, ಒಂದು ರಾತ್ರಿ ಅಡಿಗೆಮನೆಯದು, ಒಂದು ರಾತ್ರಿ ದನಗಳ ಬಾನಿಯದು. ಯಾವುದನ್ನು ಮುಚ್ಚಿದಾಗ ಇಳಿತ ನಿಲ್ಲುವದೋ ಅದೇ ಕವಲಿನಲ್ಲಿ ಸೋರಿಕೆ. ಹೊಸದಾಗಿ ಪೈಪು ಹಾಕಿಸುವವರು ಕವಲಿಗೊಂದು ವಾಲ್ವು ಹಾಕಿಸಿದರೆ ಮುಂದೆ ಈ ಹುಡುಕಾಟ ಬಹಳ ಹಗುರವಾಗುವದು.

ಪಾಯಖಾನೆಯಲ್ಲಿ ನೀರಿನ ಪೆಟ್ಟಿಗೆಯಿದ್ದರೆ ಅದನ್ನು ಬೇರೆಯಾಗಿ ಪರೀಕ್ಷಿಸಬೇಕು. ಅದು ಸದ್ದಿಲ್ಲದೆ ಸೋರುವ ಜಾಗ. ಪೆಟ್ಟಿಗೆಯ ನೀರಿಗೆ ಬಟ್ಟೆಗೆ ಹಾಕುವ ನೀಲಿಯನ್ನು ನಾಲ್ಕು ಹನಿ ಬಿಟ್ಟು ಅರ್ಧ ತಾಸು ಯಾರೂ ಬಳಸದಂತೆ ನೋಡಿಕೊಳ್ಳಿರಿ. ಕೆಳಗಿನ ಪಾತ್ರದಲ್ಲಿ ನೀಲಿ ಕಂಡರೆ ಒಳಗಿನ ರಬ್ಬರು ಸವೆದಿದೆ. ಅದನ್ನು ಬದಲಿಸುವದಕ್ಕೆ ಹೆಚ್ಚು ಖರ್ಚಿಲ್ಲ. ಟಾಕಿಯ ತೇಲುಗುಂಡಿನ ನಳವನ್ನೂ ಮರೆಯಬೇಡಿರಿ. ಅದು ಸರಿಯಾಗಿ ಮುಚ್ಚದಿದ್ದರೆ ನಳ ಬಂದ ಹೊತ್ತಿನಲ್ಲಿ ಹೆಚ್ಚಾದ ನೀರು ಹೊರಗಿನ ಪೈಪಿನಿಂದ ಹಿತ್ತಲಿಗೆ ಹೋಗುತ್ತಿರುವದು.

ಮೀಟರು ಇರುವ ಮನೆಗಳವರಿಗೆ ಇನ್ನೂ ಸುಲಭ. ಟಾಕಿ ತುಂಬಿದ ಮೇಲೆ, ನಳದಲ್ಲಿ ನೀರು ಬರುತ್ತಿರುವಾಗಲೇ, ಮನೆಯ ಎಲ್ಲ ನಳಗಳನ್ನೂ ಮುಚ್ಚಿ ಮೀಟರಿನ ಮುಖವನ್ನು ನೋಡಿರಿ. ಅಲ್ಲಿಯ ಸಣ್ಣ ಚಕ್ರವು ಮೆಲ್ಲಗೆ ತಿರುಗುತ್ತಿದ್ದರೆ ಮೀಟರಿನಿಂದ ಈಚೆಗೆ ಎಲ್ಲಿಯೋ ನೀರು ಹೋಗುತ್ತಿದೆ. ಮೀಟರಿನ ಕಪ್ಪು ಅಂಕಿ ಒಂದು ಏರಿದರೆ 1,000 ಲೀಟರು ಎಂದು ಸಾಮಾನ್ಯವಾಗಿ ತಿಳಿಯತಕ್ಕದ್ದು.

ಎರೆ ನೆಲ ಹೇಳುವ ಗುರುತು

ಯಾವ ಕವಲೆಂದು ತಿಳಿದ ಮೇಲೆ ಜಾಗ ಹುಡುಕಬೇಕು. ಇಲ್ಲಿ ನಮ್ಮ ಎರೆ ಮಣ್ಣು ತೊಂದರೆಯನ್ನೂ ಕೊಡುತ್ತದೆ, ಗುರುತನ್ನೂ ಕೊಡುತ್ತದೆ. ಈ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಅದರ ಈ ಏರಿಳಿತಕ್ಕೆ ಸಿಕ್ಕ ಪೈಪು ವರ್ಷಕ್ಕೊಮ್ಮೆ ಎಳೆದಾಡಿದಂತಾಗಿ, ಜೋಡಣೆಗಳಲ್ಲಿಯೂ ತಿರುವುಗಳಲ್ಲಿಯೂ ಬಿಡುತ್ತದೆ. ಆದುದರಿಂದ ನಟ್ಟನಡುವಿನ ನೆಟ್ಟನೆಯ ಪೈಪಿಗಿಂತ ಮೊದಲು ಜೋಡಣೆ, ತಿರುವು, ಗೋಡೆಯೊಳಗೆ ಹೊಗುವ ಜಾಗ ಇವನ್ನು ಅನುಮಾನಿಸಬೇಕು.

ಗುರುತು ಯಾವುದೆಂದರೆ, ಚೈತ್ರ ವೈಶಾಖದಲ್ಲಿ ಅಂಗಳವೆಲ್ಲ ಬಾಯಿ ಬಿಟ್ಟಿರುವಾಗ ಒಂದು ಪಟ್ಟಿ ಮಾತ್ರ ಬಿರಿಯದೆ ಕೂಡಿಕೊಂಡಿದ್ದರೆ ಅದರ ಕೆಳಗೆ ತೇವವಿದೆ. ಎಲ್ಲ ಕಡೆ ಗರಿಕೆ ಒಣಗಿ ಒಂದು ಕಡೆ ಹಸಿರಾಗಿದ್ದರೂ ಅದೇ ಅರ್ಥ. ನೆರೆಮನೆಯ ಬಾನಿಯ ಕವಲಿನಲ್ಲಿ ನಮಗೆ ದಾರಿ ತೋರಿಸಿದ್ದು ಇದೇ ಬಿರಿಯದ ಪಟ್ಟಿ. ಆದರೆ ತೇವ ಕಂಡಲ್ಲಿಯೇ ತೂತು ಇರುವದೆಂದು ತಿಳಿಯಬಾರದು. ನೀರು ಪೈಪಿನ ಕಾಲುವೆ ಹಿಡಿದು ಇಳಿಜಾರಿಗೆ ಹರಿದು ಬಂದಿರುವದು. ತೇವದ ಮೇಲ್ಗಡೆಗೆ, ಅಲ್ಲಿಂದ ಮೊದಲು ಸಿಗುವ ಜೋಡಣೆಯವರೆಗೆ, ಸಣ್ಣ ಸಣ್ಣ ಕುಣಿ ತೆಗೆದು ನೋಡಬೇಕು. ಅಲ್ಲಿ ಎರಡು ಕುಣಿಗೇ ಒಡೆದ ತಿರುವು ಸಿಕ್ಕಿತು. ಅಂಗಳವನ್ನೆಲ್ಲ ಅಗೆಯುವ ಕೆಲಸ ಉಳಿಯಿತು. ಇಂದು ಆ ಮನೆಯ ಅಳತೆಕೋಲು ಅತ್ತೆಯವರ ಕೈಯಲ್ಲಿಯೇ ಇದೆ.

ಕಬ್ಬಿಣದ ಪೈಪಾದರೆ ಕಿವಿಯಿಂದಲೂ ಹುಡುಕಬಹುದು. ನಡುರಾತ್ರಿ ಊರು ಸದ್ದಡಗಿದ ಮೇಲೆ ಹಾರೆಯ ಒಂದು ತುದಿಯನ್ನು ಪೈಪಿಗೆ ತಾಗಿಸಿ ಇನ್ನೊಂದು ತುದಿಗೆ ಕಿವಿ ಕೊಡಿರಿ. ಸೋರುವ ಜಾಗ ಹತ್ತಿರವಾದಂತೆ ಸುಯ್ಯೆನ್ನುವ ಸದ್ದು ಹೆಚ್ಚುವದು. ಪ್ಲಾಸ್ಟಿಕ್ಕಿನ ಪೈಪು ಸದ್ದನ್ನು ದೂರ ಒಯ್ಯುವದಿಲ್ಲ. ಅಲ್ಲಿ ಕಣ್ಣನ್ನೇ ನಂಬಬೇಕು.

ಗೋಡೆಯ ತೇವದ ವಿಷಯದಲ್ಲಿ ಇಷ್ಟು ನೋಡಿರಿ. ಮಳೆಗಾಲದಲ್ಲಿ ಮಾತ್ರ ತೇವ ಕಂಡು ಬೇಸಿಗೆಯಲ್ಲಿ ಆರಿದರೆ ದೋಷವು ಬಹುಶಃ ಮಾಳಿಗೆಯದು. ಸುಡು ಬೇಸಿಗೆಯಲ್ಲಿಯೂ ಆರದಿದ್ದರೆ ಪೈಪನ್ನು ಅನುಮಾನಿಸಬೇಕು. ಮಣ್ಣಿನ ಗೋಡೆಯ ಬುಡಕ್ಕೆ ದಿನವೂ ನೀರುಣಿಸುವದು ಮನೆಯ ಜೀವಕ್ಕೇ ಕೇಡು. ಮೇಲೆ ಮಾಳಿಗೆಯ ಭಾರವಿದೆಯೆಂಬುದನ್ನು ಮರೆಯಲಾಗದು. ತೇವದ ಗೋಡೆಯಲ್ಲಿ ವಿದ್ಯುತ್ತಿನ ತಂತಿಯಿದ್ದರೆ ಮುಖ್ಯ ಗುಂಡಿಯನ್ನು ಆರಿಸದೆ ಕೈ ಹಚ್ಚಬೇಡಿರಿ.

ಹೊರಗೆ ಹೋಗುವ ತೂತು ಒಳಗೆ ಬರುವ ತೂತು

ನೀರು ಹೋದದ್ದಕ್ಕಿಂತ ದೊಡ್ಡ ಭಯ ಇನ್ನೊಂದಿದೆ. ನಮ್ಮ ಹಳ್ಳಿಗಳಲ್ಲಿ ನಳಕ್ಕೆ ಇಡೀ ದಿನ ನೀರಿಲ್ಲ. ನೀರು ನಿಂತಾಗ ಪೈಪು ಬರಿದಾಗುತ್ತ ಒಳಕ್ಕೆ ಎಳೆಯುತ್ತದೆ. ಒಡೆದ ಜಾಗವು ಗಟಾರದ ಕೆಳಗಿದ್ದರೆ ಗಟಾರದ ಹೊಲಸು ಅದೇ ತೂತಿನಿಂದ ಒಳಗೆ ಬಂದು, ಮುಂದೆ ನಳ ಬಿಟ್ಟಾಗ ಮೊದಲನೆಯ ನೀರಿನೊಡನೆ ಕೊಡಕ್ಕೆ ಬೀಳುವದು. ವಾಂತಿಭೇದಿ, ವಿಷಮಜ್ವರ, ಕಾಮಾಲೆ ಇವೆಲ್ಲ ಈ ದಾರಿಯಿಂದ ಮನೆ ಹೊಗಬಲ್ಲ ಬೇನೆಗಳು. ಮೊದಲು ಬಂದ ನೀರು ಕದಡಿದ್ದರೆ ಅಥವಾ ವಾಸನೆಯಿದ್ದರೆ ಕುಡಿಯುವದಕ್ಕೆ ಹಿಡಿಯಬೇಡಿರಿ. ಸೋರಿಕೆ ಸರಿಯಾಗುವವರೆಗೆ ನೀರನ್ನು ಸೋಸಿ, ಕೊತಕೊತ ಕುದಿ ಬಂದ ಮೇಲೂ ಒಂದು ನಿಮಿಷ ಬಿಟ್ಟು, ಆರಿಸಿ ಕುಡಿಯಿರಿ. ಕೂಸುಗಳಿರುವ ಮನೆಯಲ್ಲಿ ಇದನ್ನು ತಪ್ಪಿಸಬಾರದು.

ರಿಪೇರಿಯನ್ನು ಸರಿಯಾಗಿ ಮಾಡಿಸುವದು

ಒಡೆದ ಪೈಪಿಗೆ ಸೈಕಲ್ಲಿನ ಟ್ಯೂಬು ಸುತ್ತಿ ಮಣ್ಣು ಮುಚ್ಚುವದು ನಾಲ್ಕು ದಿನದ ಉಪಾಯ. ಒಡೆದ ತುಂಡನ್ನು ಕೊಯ್ದು ತೆಗೆದು ಹೊಸ ತುಂಡು ಕೂಡಿಸಬೇಕು. ಪ್ಲಾಸ್ಟಿಕ್ ಪೈಪಿಗೆ ಅಂಟು ಹಚ್ಚುವಾಗ ಎರಡೂ ತುದಿ ಒಣಗಿ ಸ್ವಚ್ಛವಾಗಿರಬೇಕು. ತೊಯ್ದ ಪೈಪಿಗೆ ಅಂಟು ಹಿಡಿಯದು. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಕಾಯ್ದ ಮೇಲೆಯೇ ನೀರು ಬಿಡಬೇಕು. ಪೈಪಿನ ಕೆಳಗೂ ಸುತ್ತಲೂ ನಾಲ್ಕು ಬೆರಳು ಉಸುಕು ಹಾಕಿದರೆ ಎರೆ ಮಣ್ಣಿನ ಎಳೆದಾಟ ಪೈಪಿಗೆ ಅಷ್ಟಾಗಿ ತಗಲದು. ಕುಣಿಯನ್ನು ಕೂಡಲೆ ಮುಚ್ಚಬೇಡಿರಿ. ಇನ್ನೊಂದು ರಾತ್ರಿ ಕೋಲು ಇಳಿಸಿ, ಗೆರೆ ಅಲ್ಲಿಯೇ ನಿಂತದ್ದನ್ನು ಕಂಡು ಮುಚ್ಚಿರಿ. ಒಂದು ತೂತು ಮುಚ್ಚಿದ ಮೇಲೂ ನೀರು ಇಳಿದರೆ ಎರಡನೆಯದು ಇದೆಯೆಂದು ಅರ್ಥ.

ಸೋರಿಕೆ ಬೀದಿಯ ಪೈಪಿನಲ್ಲಿದ್ದರೆ ಅದು ಗ್ರಾಮಪಂಚಾಯತಿಯ ಕೆಲಸ. ಬಾಯಿಮಾತಿನಲ್ಲಿ ಹೇಳಿ ಬಿಡಬೇಡಿರಿ. ಜಾಗ, ಕಂಡ ದಿನ, ಹತ್ತಿರದ ಗಟಾರ ಇವನ್ನು ಬರೆದು ಅರ್ಜಿ ಕೊಟ್ಟು, ಅದರ ಪ್ರತಿಯ ಮೇಲೆ ಮುಟ್ಟಿದ ಸಹಿ ತೆಗೆದುಕೊಳ್ಳಿರಿ. ಅರ್ಜಿ ಮರಾಠಿಯಲ್ಲಿ ಬೇಕೆಂದರೆ ಅದಕ್ಕಾಗಿ ಹಿಂಜರಿಯುವ ಕಾರಣವಿಲ್ಲ. ನಮ್ಮ ಕನ್ನಡ ಶಾಲೆಯ ಮಕ್ಕಳು ಎರಡು ಭಾಷೆಯನ್ನೂ ಬರೆಯಬಲ್ಲರು.

ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ, ಹೀಗೆ ವರ್ಷಕ್ಕೆ ಎರಡು ರಾತ್ರಿ ಪ್ರತಿ ಮನೆಯವರೂ ಟಾಕಿಯನ್ನು ಅಳೆಯುವ ರೂಢಿ ಇಟ್ಟುಕೊಳ್ಳುವದು ಒಳ್ಳೆಯದು. ಕೋಲು ಹಿಡಿಯುವ ಕೆಲಸವನ್ನು ಮಕ್ಕಳಿಗೆ ಕೊಡಿರಿ, ಲೆಕ್ಕವನ್ನೂ ಅವರಿಂದಲೇ ಮಾಡಿಸಿರಿ. ಇದಕ್ಕೆ ಬೇಕಾದದ್ದು ಒಂದು ಕೋಲು, ಒಂದು ತುಂಡು ಸೀಮೆಸುಣ್ಣ ಮತ್ತು ಎರಡು ದಿನದ ತಾಳ್ಮೆ.