ಸುಗಂಧರಾಜದ ಗಡ್ಡೆ ಕೊಳೆಯದಿರಲಿ



ಸಾಂಗ್ಲಿ, ಮಿರಜ ಪೇಟೆಯಲ್ಲಿ ನಾವು ನಿಶಿಗಂಧವೆಂದು ಕೊಳ್ಳುವ ಹೂವೇ ಕನ್ನಡದ ಸುಗಂಧರಾಜ. ಮಾರ್ಚ್‌ನಿಂದ ಮೇವರೆಗೆ ಇದರ ಗಡ್ಡೆ ನೆಡಬಹುದು. ಆದರೆ ನಮ್ಮಲ್ಲಿ ಹಲವರ ಗಡ್ಡೆಗಳು ಮಳೆಗಾಲದಲ್ಲಿ ಕೊಳೆತುಹೋಗುತ್ತವೆ. ಕೃಷ್ಣಾ ತೀರದ ಎರೆಮಣ್ಣಿನಲ್ಲಿ ನೀರು ಬೇಗ ಬಸಿಯದಿರುವುದೇ ಇದಕ್ಕೆ ಕಾರಣ.

ಆದ್ದರಿಂದ ಬಿಸಿಲು ಬೀಳುವ ಕಡೆ ಏರುಮಡಿ ಮಾಡಿ, ಮರಳು ಹಾಗೂ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿರಿ. 2–3 ಸೆಂ.ಮೀ. ದಪ್ಪದ ಗಟ್ಟಿ ಗಡ್ಡೆಗಳನ್ನು ಸುಮಾರು 5 ಸೆಂ.ಮೀ. ಆಳದಲ್ಲಿ, 20–30 ಸೆಂ.ಮೀ. ಅಂತರದಲ್ಲಿ ನೆಡಿರಿ. ನೆಟ್ಟ ದಿನ ನೀರು ಹಾಕಿದರೆ, ಮೊಳಕೆ ಕಾಣುವವರೆಗೆ ಕೈ ಬಿಗಿ ಹಿಡಿಯಿರಿ. ಮೂರು ತಿಂಗಳ ಹೊತ್ತಿಗೆ ಹೂದಂಟು ಬರುತ್ತದೆ.

ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳಲ್ಲಿ ಮಾಲೆಗೆ ಒಂದು ಸುತ್ತಿನ ‘ಶೃಂಗಾರ’, ‘ಪ್ರಜ್ವಲ್’ ಒಳ್ಳೆಯವು. ಹೂದಾನಿಗೆ ಹಲವು ಸುತ್ತಿನ ‘ಸುವಾಸಿನಿ’.

ಒಂದು ಗಡ್ಡೆ ಹೂ ಬಿಡುವುದು ಒಂದೇ ಸಲ. ಮುಂದಿನ ಹೂವು ಅದರ ಸುತ್ತ ಹುಟ್ಟುವ ಮರಿಗಡ್ಡೆಗಳಿಂದ. ಚಳಿಗಾಲದಲ್ಲಿ ಎಲೆ ಹಳದಿಯಾದಾಗ ನೀರು ನಿಲ್ಲಿಸಿ, ಅಗೆದು, ಮರಿಗಳನ್ನು ಬಿಡಿಸಿ ನೆರಳಲ್ಲಿ ಒಣಗಿಸಿರಿ. ನಿಮಗೆ ಬೇಕಾದಷ್ಟು ಇಟ್ಟುಕೊಂಡು, ಉಳಿದದ್ದನ್ನು ಮುಂದಿನ ಕೂಟಕ್ಕೆ ತನ್ನಿರಿ; ಹಂಚಿಕೊಳ್ಳೋಣ.