ಪಾದದ ಲೆಕ್ಕಕ್ಕೆ ಯಾವ ತಕ್ಕಡಿ?

ವ್ಯಾಪಾರಸ್ಥರ ಮನೆಗಳಲ್ಲಿ ಪಾದಕ್ಕೆ ಬಿಡುವಿಲ್ಲ. ಹೊಸೂರಿನ ಬಜಾರಾಗಲಿ, ಕೃಷ್ಣಗಿರಿಯ ಮಾವಿನ ಮಂಡಿಯಾಗಲಿ, ಬೆಳಿಗ್ಗೆ ಬಾಗಿಲು ತೆರೆದವರು ರಾತ್ರಿ ಬೀಗ ಹಾಕುವ ತನಕ ನಿಂತೇ ಇರಬೇಕು. ಮನೆಯ ಹೆಂಗಸರು ಅಡುಗೆಮನೆಯ ಕಲ್ಲುಹಾಸಿನ ಮೇಲೆ ದಿನವಿಡೀ ಬರಿಗಾಲಿನಲ್ಲಿ ಓಡಾಡುತ್ತಾರೆ. ಬಸದಿಗೂ ಬರಿಗಾಲು, ಬೆಟ್ಟದ ಯಾತ್ರೆಗೂ ಬರಿಗಾಲು. ಆದರೂ ರಕ್ತದೊತ್ತಡದ ಚೀಟಿ, ಸಕ್ಕರೆಯ ಚೀಟಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳುವ ನಾವು ಪಾದದ ಲೆಕ್ಕವನ್ನು ಮಾತ್ರ ಇಡುವುದಿಲ್ಲ.

ಈ ಲೆಕ್ಕ ಇಡಬೇಕಾದ ಕಾಲ ಬಂದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಜನರಿಗೆ ಸಕ್ಕರೆ ಕಾಯಿಲೆಯಿದೆ. ತಮಿಳುನಾಡು ಸರ್ಕಾರವು ಸಕ್ಕರೆ, ರಕ್ತದೊತ್ತಡದ ಔಷಧಿಗಳನ್ನು ಮನೆಬಾಗಿಲಿಗೆ ತಲುಪಿಸುವ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯನ್ನು 2021ರ ಆಗಸ್ಟ್ 5ರಂದು ಆರಂಭಿಸಿದ್ದು ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲೇ. ಸಕ್ಕರೆ ಕಾಯಿಲೆ ಬಹಳ ಕಾಲ ಇದ್ದವರಲ್ಲಿ ಪಾದದ ನರಗಳು ಮೆಲ್ಲಗೆ ಸೋಲುತ್ತವೆ, ರಕ್ತಸಂಚಾರ ಕುಗ್ಗುತ್ತದೆ. ಸಣ್ಣ ಗಾಯವೂ ಹುಣ್ಣಾಗಿ, ಬೆರಳನ್ನೋ ಪಾದವನ್ನೋ ಕತ್ತರಿಸುವವರೆಗೆ ಹೋಗಬಹುದು.

ಪಾದದ ಸ್ಥಿತಿಯನ್ನು ಅಳೆಯಲು ವೈದ್ಯರು ಬಳಸುವ ಸಾಧನಗಳಲ್ಲಿ ಪ್ರಶ್ನಾವಳಿಯೂ ಒಂದು. ರೋಗಿಯೇ ಉತ್ತರಿಸುವ ಕೆಲವು ಪ್ರಶ್ನೆಗಳು, ಉತ್ತರಕ್ಕೆ ತಕ್ಕ ಅಂಕ, ಕೊನೆಗೊಂದು ಮೊತ್ತ. ಇಂಥವು ಹತ್ತಾರು ಇವೆ. ಯಾವುದು ಯಾರಿಗೆ ಸರಿ ಎಂಬುದನ್ನು ಓದುಗರು ಸ್ವಲ್ಪ ತಿಳಿದಿರುವುದು ಒಳ್ಳೆಯದು.

ಹೆಸರಾದ ಮೂರು ಪ್ರಶ್ನಾವಳಿಗಳು

ಮೊದಲನೆಯದು ‘ಫುಟ್ ಫಂಕ್ಷನ್ ಇಂಡೆಕ್ಸ್’. ಇದು 1991ರಲ್ಲಿ ಅಮೆರಿಕದಲ್ಲಿ, ಕೀಲುವಾತದ ರೋಗಿಗಳನ್ನು ಮುಂದಿಟ್ಟುಕೊಂಡು ಸಿದ್ಧವಾಯಿತು. ಒಟ್ಟು 23 ಪ್ರಶ್ನೆಗಳು: ನೋವಿನ ಬಗ್ಗೆ 9, ನಡೆದಾಡುವ ಕಷ್ಟದ ಬಗ್ಗೆ 9, ಯಾವ ಕೆಲಸಗಳು ನಿಂತುಹೋದವು ಎಂಬ ಬಗ್ಗೆ 5. ಬರಿಗಾಲಲ್ಲಿ ನಿಂತಾಗ ಎಷ್ಟು ನೋವು, ಬರಿಗಾಲಲ್ಲಿ ನಡೆದಾಗ ಎಷ್ಟು ಎಂದು ಬೇರೆಬೇರೆಯಾಗಿ ಕೇಳುವುದು ಇದರ ಗುಣ. ನಮ್ಮಂಥವರಿಗೆ ಇದು ಅನುಕೂಲ.

ಎರಡನೆಯದು ಆಸ್ಟ್ರೇಲಿಯಾದ ‘ಫುಟ್ ಹೆಲ್ತ್ ಸ್ಟೇಟಸ್ ಕ್ವೆಶ್ಚನೇರ್’, 1998ರದು. ಇದರ ಮುಖ್ಯ ಭಾಗದಲ್ಲಿ 13 ಪ್ರಶ್ನೆಗಳಿದ್ದು, ನೋವು, ಕಾರ್ಯಶಕ್ತಿ, ಪಾದರಕ್ಷೆ, ಪಾದದ ಒಟ್ಟಾರೆ ಆರೋಗ್ಯ ಎಂಬ ನಾಲ್ಕು ವಿಭಾಗಗಳಿವೆ. ಕಾಲಿಗೆ ಹೊಂದುವ ಷೂ ಸಿಗುತ್ತದೆಯೇ ಎಂದು ವಿಚಾರಿಸುವುದು ಇದರ ವಿಶೇಷ.

ಮೂರನೆಯದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ರೂಪುಗೊಂಡು 2000ದಲ್ಲಿ ಪ್ರಕಟವಾದ ಪಾದನೋವಿನ ಸೂಚಿ. ಇದರಲ್ಲಿರುವುದು 19 ವಾಕ್ಯಗಳು. ಒಂದೊಂದಕ್ಕೂ ‘ಎಂದೂ ಇಲ್ಲ’, ‘ಕೆಲವು ದಿನ’, ‘ಹೆಚ್ಚಿನ ದಿನ’ ಎಂಬ ರೀತಿಯಲ್ಲಿ ಉತ್ತರ ಗುರುತಿಸಿದರೆ ಸಾಕು. ಪಾದದ ರೂಪ ಕೆಟ್ಟಿದೆಯೆಂದು ಸಂಕೋಚವಾಗುತ್ತದೆಯೇ ಎಂದೂ ಇದು ಕೇಳುತ್ತದೆ. ಹಿರಿಯ ಹೆಂಗಸರು ಬಾಯಿಬಿಟ್ಟು ಹೇಳದ ಸಂಗತಿಯಿದು.

ಇಲ್ಲೊಂದು ಎಚ್ಚರಿಕೆ ಬೇಕು. ಅಮೆರಿಕದ ಪ್ರಶ್ನಾವಳಿಯಲ್ಲಿ ಅಂಕ ಏರಿದಷ್ಟೂ ಪಾದ ಕೆಟ್ಟಿದೆ ಎಂದು ಅರ್ಥ. ಆಸ್ಟ್ರೇಲಿಯಾದ್ದರಲ್ಲಿ ಅಂಕ ಏರಿದಷ್ಟೂ ಪಾದ ಚೆನ್ನಾಗಿದೆ ಎಂದು ಅರ್ಥ. ಒಂದರಲ್ಲಿ 80 ಬಂದರೆ ಚಿಂತೆ, ಇನ್ನೊಂದರಲ್ಲಿ 80 ಬಂದರೆ ಸಮಾಧಾನ. ಜಮೆಯ ಕಡೆ ಯಾವುದು, ಖರ್ಚಿನ ಕಡೆ ಯಾವುದು ಎಂದು ನೋಡದೆ ಖಾತೆ ಓದಿದಂತೆ ಆಗಬಾರದು. ಆಸ್ಪತ್ರೆಯ ಚೀಟಿಯಲ್ಲಿ ಅಂಕ ಕಂಡರೆ, ಅದು ಯಾವ ಪ್ರಶ್ನಾವಳಿಯದು ಎಂದು ಮೊದಲು ಕೇಳಿ.

ತಕ್ಕಡಿಯ ಮೂರು ಪರೀಕ್ಷೆ

ಪ್ರಶ್ನಾವಳಿ ಒಳ್ಳೆಯದೋ ಅಲ್ಲವೋ ಎಂದು ತೀರ್ಮಾನಿಸುವ ಕ್ರಮ ವ್ಯಾಪಾರಿಗಳಿಗೆ ಹೊಸದಲ್ಲ. ಒಂದೇ ಮೂಟೆಯನ್ನು ಎರಡು ಸಲ ತೂಗಿದರೆ ತೂಕ ಒಂದೇ ಬರಬೇಕು. ಹಾಗೆಯೇ ಪಾದದ ಸ್ಥಿತಿ ಬದಲಾಗದಿದ್ದಾಗ, ಕೆಲವು ದಿನ ಬಿಟ್ಟು ಕೇಳಿದರೂ ಅಂಕ ಹೆಚ್ಚುಕಡಿಮೆ ಅದೇ ಇರಬೇಕು. ಎರಡನೆಯದಾಗಿ, ತೂಗಬೇಕಾದ ಸರಕನ್ನೇ ತೂಗಬೇಕು. ಮಂಡಿನೋವನ್ನೂ ಪಾದದ ಲೆಕ್ಕಕ್ಕೆ ಸೇರಿಸಿಕೊಂಡರೆ ಆ ಅಂಕದಿಂದ ಉಪಯೋಗವಿಲ್ಲ. ಮೂರನೆಯದು ಸೂಕ್ಷ್ಮತೆ. ಮೂಟೆ ತೂಗುವ ತಕ್ಕಡಿಯಲ್ಲಿ ಚಿನ್ನ ತೂಗಲಾಗದು. ಚಿಕಿತ್ಸೆಯಿಂದ ರೋಗಿಗೆ ನಿಜವಾಗಿ ಸುಧಾರಣೆಯಾಗಿದ್ದರೆ ಅದು ಅಂಕದಲ್ಲೂ ಕಾಣಬೇಕು.

ನಮ್ಮ ಮನೆಗೆ ಹೊಂದುವುದೇ?

ಪರದೇಶದ ಪ್ರಶ್ನೆಗಳನ್ನು ಹಾಗೆಯೇ ಇಲ್ಲಿ ಬಳಸಲು ಬರುವುದಿಲ್ಲ. ಅಮೆರಿಕದ ಪ್ರಶ್ನಾವಳಿ ಕುರ್ಚಿಯಿಂದ ಏಳುವ ಕಷ್ಟವನ್ನು ಕೇಳುತ್ತದೆ. ಜಪಕ್ಕೆ, ಸಾಮಾಯಿಕಕ್ಕೆ, ಊಟಕ್ಕೆ ನೆಲದ ಮೇಲೆ ಕುಳಿತೇಳುವವರ ಕಷ್ಟ ಅದರಲ್ಲಿ ಬರುವುದಿಲ್ಲ. ಷೂ ಕುರಿತ ಪ್ರಶ್ನೆಗಳಿಗೆ ಇಡೀ ದಿನ ಮನೆಯೊಳಗೆ ಬರಿಗಾಲಲ್ಲಿರುವ ಗೃಹಿಣಿ ಏನು ಉತ್ತರಿಸಬೇಕು?

ಭಾಷೆಯ ತೊಡಕು ಇನ್ನೂ ದೊಡ್ಡದು. ನಮ್ಮ ಗಡಿಭಾಗದಲ್ಲಿ ಅಜ್ಜಿ ಕನ್ನಡದಲ್ಲಿ ಹೇಳುತ್ತಾರೆ, ನರ್ಸಮ್ಮ ತಮಿಳಿನಲ್ಲಿ ಕೇಳಿಸಿಕೊಳ್ಳುತ್ತಾರೆ, ಫಾರಂ ಇಂಗ್ಲಿಷಿನಲ್ಲಿರುತ್ತದೆ. ಕನ್ನಡದಲ್ಲಿ ‘ಕಾಲು’ ಎಂದರೆ ತೊಡೆಯಿಂದ ಬೆರಳಿನವರೆಗೆ ಎಲ್ಲವೂ ಬಂತು. ತಮಿಳಿನ ‘ಕಾಲ್’ ಕೂಡ ಹಾಗೆಯೇ. “ಕಾಲು ನೋವು” ಎಂದರೆ ಮಂಡಿಯೋ, ಹಿಮ್ಮಡಿಯೋ? ಜೋಮು ಹಿಡಿಯುವುದು, ಉರಿಯುವುದು, ಮರಗಟ್ಟುವುದು, ಇರುವೆ ಹರಿದಂತಾಗುವುದು ಇವೆಲ್ಲ ಬೇರೆಬೇರೆ. ವೈದ್ಯರಿಗೂ ಇವು ಬೇರೆಬೇರೆ ಸೂಚನೆಗಳು. ಎಲ್ಲವನ್ನೂ ‘ನೋವು’ ಎಂದು ಹೇಳಿ ಮುಗಿಸಿದರೆ ಅಂಕವೂ ತಪ್ಪುತ್ತದೆ, ಚಿಕಿತ್ಸೆಯೂ ತಪ್ಪಬಹುದು. ಆದ್ದರಿಂದಲೇ ಪ್ರಶ್ನಾವಳಿಯನ್ನು ಅನುವಾದಿಸಿದವರು ಅದನ್ನು ಬೇರೊಬ್ಬರಿಂದ ಮೂಲಭಾಷೆಗೆ ತಿರುಗಿಸಿ ಹೋಲಿಸುತ್ತಾರೆ. ಬಳಿಕ ಕೆಲವು ರೋಗಿಗಳಿಗೆ ಕೊಟ್ಟು ಅರ್ಥವಾಯಿತೇ ಎಂದು ನೋಡುತ್ತಾರೆ.

ನೋವಿಲ್ಲದ ಪಾದದ ಅಪಾಯ

ಈಗ ಮುಖ್ಯ ವಿಷಯ. ಮೇಲಿನ ಮೂರೂ ಪ್ರಶ್ನಾವಳಿಗಳು ಬಹುಮಟ್ಟಿಗೆ ನೋವನ್ನೂ ನೋವಿನಿಂದಾದ ಅಡಚಣೆಯನ್ನೂ ಅಳೆಯುತ್ತವೆ. ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆಯಿರುವ ಹಿರಿಯರೊಬ್ಬರಿದ್ದಾರೆ ಎಂದುಕೊಳ್ಳೋಣ. ಪಾದದ ಸ್ಪರ್ಶ ಹೋಗಿದೆ. ಗೋದಾಮಿನಲ್ಲಿ ಮೊಳೆ ಚುಚ್ಚಿದರೂ ಗೊತ್ತಾಗುವುದಿಲ್ಲ. ಅವರನ್ನು ಕೇಳಿದರೆ “ನೋವೇ ಇಲ್ಲ, ಚೆನ್ನಾಗಿ ನಡೆಯುತ್ತೇನೆ” ಎನ್ನುತ್ತಾರೆ. ಅಂಕವೂ ಉತ್ತಮವಾಗಿಯೇ ಬರುತ್ತದೆ. ಆದರೆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಅಪಾಯದಲ್ಲಿರುವ ಪಾದ ಅವರದೇ!

ಇಂಥವರಿಗೆ ಬೇರೆ ಪ್ರಶ್ನಾವಳಿ ಬೇಕು. ಅಮೆರಿಕದ ಮಿಷಿಗನ್‌ನಲ್ಲಿ 1994ರಲ್ಲಿ ಪ್ರಕಟವಾದ ನರದೌರ್ಬಲ್ಯದ ಪ್ರಶ್ನಾವಳಿಯಲ್ಲಿ ಹೌದು-ಇಲ್ಲ ಎಂದು ಉತ್ತರಿಸುವ 15 ಪ್ರಶ್ನೆಗಳಿವೆ. ಪಾದ ಮರಗಟ್ಟುತ್ತದೆಯೇ? ಸ್ನಾನದ ನೀರು ಬಿಸಿಯೋ ತಣ್ಣಗೋ ಎಂದು ಪಾದಕ್ಕೆ ತಿಳಿಯುತ್ತದೆಯೇ? ಹೊದಿಕೆ ತಗುಲಿದರೆ ನೋಯುತ್ತದೆಯೇ? ಚರ್ಮ ಒಣಗಿ ಬಿರಿಯುತ್ತದೆಯೇ? ಹೀಗೆ ಸಾಗುತ್ತದೆ. ಇದರ ಜೊತೆಗೆ ವೈದ್ಯರು ಪಾದವನ್ನು ಕಣ್ಣಾರೆ ನೋಡಿ ಪರೀಕ್ಷಿಸುವ ಭಾಗವೂ ಇದೆ. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಪಾದವನ್ನು ಮುಟ್ಟಿ ಸ್ಪರ್ಶಜ್ಞಾನ ನೋಡುವ ಪರೀಕ್ಷೆಯೂ ಬಳಕೆಯಲ್ಲಿದೆ.

ಮನೆಯಲ್ಲೇ ಮಾಡಬಹುದಾದ ಸರಳ ಪರೀಕ್ಷೆಯನ್ನು ಇಂಗ್ಲೆಂಡಿನ ಇಪ್ಸ್‌ವಿಚ್‌ನ ವೈದ್ಯರು 2011ರಲ್ಲಿ ಪ್ರಕಟಿಸಿದರು. ಹಿರಿಯರು ಕಣ್ಣು ಮುಚ್ಚಿಕೊಳ್ಳಲಿ. ಮಗನೋ ಸೊಸೆಯೋ ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ತೋರುಬೆರಳಿನಿಂದ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಲಿ. ಒತ್ತಬಾರದು, ತಟ್ಟಬಾರದು, ಉಜ್ಜಬಾರದು. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ಮುಟ್ಟಿದ್ದು ತಿಳಿಯದಿದ್ದರೆ ವೈದ್ಯರನ್ನು ಕಾಣಲೇಬೇಕು.

ಪಾದರಕ್ಷೆ ಮತ್ತು ಚಿಕಿತ್ಸೆ

ಸ್ಪರ್ಶವಿಲ್ಲದ ಪಾದವನ್ನು ಕಾಪಾಡುವ ವಿದ್ಯೆ ನಮ್ಮ ನೆರೆಯಲ್ಲೇ ಬೆಳೆಯಿತು. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಡಾ. ಪಾಲ್ ಬ್ರ್ಯಾಂಡ್, ಕುಷ್ಠರೋಗಿಗಳ ಪಾದಗಳು ಹುಣ್ಣಾಗಲು ಸ್ಪರ್ಶ ಹೋಗಿರುವುದೇ ಮೂಲವೆಂದು ತೋರಿಸಿಕೊಟ್ಟರು. ಅವರೂ ಸಂಗಡಿಗರೂ ಬಳಕೆಗೆ ತಂದ ಮೃದು ರಬ್ಬರಿನ ಎಂ.ಸಿ.ಆರ್. ಚಪ್ಪಲಿಯನ್ನೇ ಇಂದು ಸಕ್ಕರೆ ಕಾಯಿಲೆಯವರಿಗೂ ಹೇಳುತ್ತಾರೆ. ಚರ್ಮ ಬಳಸದ ಮನೆಗಳವರು ಪಟ್ಟಿಗೂ ರೆಕ್ಸಿನ್ ಅಥವಾ ಬಟ್ಟೆ ಹಾಕಿಸಿಕೊಳ್ಳಬಹುದು.

ಚಿಕಿತ್ಸೆಗೆ ಕೃಷ್ಣಗಿರಿಯಲ್ಲಿ 2022ರಲ್ಲಿ ಉದ್ಘಾಟನೆಯಾದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಬೆಂಗಳೂರು ವಸಂತನಗರದ ಭಗವಾನ್ ಮಹಾವೀರ ಜೈನ್ ಆಸ್ಪತ್ರೆಯಲ್ಲಿ ಬೆಳೆದುಬಂದ ಜೈನ್ ಇನ್‌ಸ್ಟಿಟ್ಯೂಟ್ ಆಫ್ ವ್ಯಾಸ್ಕ್ಯುಲರ್ ಸೈನ್ಸಸ್ ಕಾಲಿನ ರಕ್ತನಾಳಗಳ ಚಿಕಿತ್ಸೆಗೆ ಹೆಸರಾಗಿದೆ.

ನೆನಪಿಡಬೇಕಾದದ್ದು

1. ಸಕ್ಕರೆ ಕಾಯಿಲೆಯಿರುವವರು ವರ್ಷಕ್ಕೊಮ್ಮೆಯಾದರೂ ವೈದ್ಯರಿಂದ ಪಾದ ಪರೀಕ್ಷೆ ಮಾಡಿಸಿಕೊಳ್ಳಬೇಕು.

2. ಪ್ರತಿರಾತ್ರಿ ಪಾದ ತೊಳೆದು, ಬೆರಳ ಸಂದು ಒರೆಸಿ, ಅಂಗಾಲನ್ನು ನೋಡಬೇಕು. ಬಗ್ಗಲಾರದವರಿಗೆ ಮನೆಯವರು ನೋಡಲಿ.

3. ಪ್ರಶ್ನಾವಳಿ ತುಂಬುವಾಗ ನೋವು, ಉರಿ, ಜೋಮು, ಮರಗಟ್ಟುವಿಕೆ ಎಂದು ಬಿಡಿಸಿ ಹೇಳಿ. ಜಾಗವನ್ನು ಬೆರಳಿಟ್ಟು ತೋರಿಸಿ.

4. ಶ್ರವಣಬೆಳಗೊಳದಂಥ ಕ್ಷೇತ್ರಗಳಲ್ಲಿ ಬಿಸಿಲೇರುವ ಮೊದಲೇ ಬೆಟ್ಟ ಹತ್ತಿ ಇಳಿಯಿರಿ, ದಪ್ಪ ಹತ್ತಿಯ ಕಾಲುಚೀಲ ಧರಿಸಿ. ಸ್ಪರ್ಶ ಹೋದವರಿಗೆ ಕಾದ ಬಂಡೆ ಸುಟ್ಟದ್ದು ತಿಳಿಯುವುದಿಲ್ಲ.

5. ಗಾಯ, ಬಾವು, ಕೆಂಪು, ಬಣ್ಣಗೆಡುವುದು ಕಂಡರೆ ಅಂದೇ ವೈದ್ಯರಲ್ಲಿಗೆ ಹೋಗಿ. ನೋವಿಲ್ಲವೆಂದು ಕಾಯಬೇಡಿ.

ಅಂಗಡಿಗೆ ದೀಪಾವಳಿಯಲ್ಲಿ ಹೊಸ ಖಾತೆ ತೆರೆಯುವಂತೆ ಮನೆಯ ಹಿರಿಯರ ಪಾದಕ್ಕೂ ಒಂದು ಪುಟ ತೆರೆಯೋಣ. ತಾರೀಖು, ಪರೀಕ್ಷೆಯ ಹೆಸರು, ಅಂಕ, ವೈದ್ಯರ ಸಲಹೆ ಇಷ್ಟನ್ನು ಬರೆದಿಟ್ಟರೆ ಮುಂದಿನ ಸಲ ಆಸ್ಪತ್ರೆಗೆ ಹೋದಾಗ ವೈದ್ಯರಿಗೂ ಅನುಕೂಲ, ನಮಗೂ ಅನುಕೂಲ.